16-35 ವೈಡ್ ಜೂಮ್ ಲೆನ್ಸ್‌ಗೆ ಯಾವ ಡೋಮ್ ಪೋರ್ಟ್? ಮೂಲೆಗಳು ಮಸುಕಾಗುವ ಸಮಸ್ಯೆ

ನೀರೊಳನೋಟ:

ಎಲ್ಲರಿಗೂ ನಮಸ್ಕಾರ. ನೀರಿನಡಿಯ ಛಾಯಾಗ್ರಹಣದಲ್ಲಿ ಮೂರು ವರ್ಷ ಮ್ಯಾಕ್ರೋ ಲೆನ್ಸ್ ಒಂದನ್ನೇ ನೆಚ್ಚಿಕೊಂಡಿದ್ದ ನಾನು ಈಗ ವೈಡ್ ಆಂಗಲ್‌ಗೆ ಕೈಹಾಕಿದ್ದೇನೆ. ನನ್ನಲ್ಲಿರುವುದು ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ, 16-35 ಮಿ.ಮೀ. ಎಫ್ 4 ಜೂಮ್ ಲೆನ್ಸ್ ಮತ್ತು ಆರು ಇಂಚಿನ ಅಕ್ರಿಲಿಕ್ ಡೋಮ್ (ಕ್ಯಾಮೆರಾದ ನೀರು ಹೊಗದ ಪೆಟ್ಟಿಗೆಯಾದ ಹೌಸಿಂಗ್‌ನಲ್ಲಿ ಲೆನ್ಸಿನ ಮುಂದಿರುವ ಗೋಳಾಕಾರದ ಪಾರದರ್ಶಕ ಕಿಟಕಿ, ಅಂದರೆ ಪೋರ್ಟ್). ನೆಲದ ಮೇಲೆ ಈ ಲೆನ್ಸ್ ಮೂಲೆಯಿಂದ ಮೂಲೆಗೆ ಚೂಪಾಗಿದೆ. ಅದೇ ಲೆನ್ಸ್ ನೀರಿಗಿಳಿದರೆ ಚಿತ್ರದ ನಡುಭಾಗ ಚೆನ್ನಾಗಿ ಬಂದು, ನಾಲ್ಕೂ ಮೂಲೆಗಳಲ್ಲಿ ಹವಳವನ್ನು ಯಾರೋ ಬೆರಳಿನಿಂದ ಒರೆಸಿ ಎಳೆದಂತೆ ಕಾಣುತ್ತದೆ. ನಾನು ಸಾಮಾನ್ಯವಾಗಿ ಎಫ್ 5.6 ಅಥವಾ ಎಫ್ 8 ಅಪರ್ಚರಿನಲ್ಲಿ ತೆಗೆಯುತ್ತೇನೆ (ಎಫ್ ಅಂಕಿ ಹೆಚ್ಚಿದಷ್ಟೂ ಬೆಳಕಿನ ಕಿಂಡಿ ಕಿರಿದು, ಫೋಕಸ್ ಆಳ ಹೆಚ್ಚು). ಹೌಸಿಂಗ್ ಮಾರಿದವರು ಇದನ್ನು ಲೆನ್ಸಿನ ದೋಷವೆಂದರು. ಲೆನ್ಸ್ ಪರಿಶೀಲಿಸಿದವರು ಲೆನ್ಸಿನಲ್ಲಿ ಯಾವ ದೋಷವೂ ಇಲ್ಲವೆಂದು ಹಿಂದಿರುಗಿಸಿದರು.

ನಾನು ಹೆಚ್ಚಾಗಿ ತೆಗೆಯುವುದು ಹವಳದಿಬ್ಬಗಳನ್ನು, ಆಗೊಮ್ಮೆ ಈಗೊಮ್ಮೆ ಆಮೆಗಳನ್ನು ಮತ್ತು ಜೊತೆಗೆ ಮುಳುಗುವವರನ್ನು. ಮುಂದೆ ಮುಳುಗಿದ ಹಡಗುಗಳನ್ನು ತೆಗೆಯುವ ಆಸೆಯೂ ಇದೆ. ನಾನು ಬದಲಿಸಬೇಕಾದದ್ದು ಲೆನ್ಸನ್ನೋ, ಡೋಮನ್ನೋ? ಒಂಬತ್ತು ಇಂಚಿನ ಡೋಮ್ ಕೊಳ್ಳುವಂತೆ ಕೆಲವರು ಹೇಳುತ್ತಾರೆ. ಆದರೆ ಅದನ್ನು ಹೊತ್ತು ತಿರುಗುವುದನ್ನು ನೆನೆದರೇ ಕೈ ನೋಯುತ್ತದೆ.

ಗಾಜಿನಗೋಳ:

ನೀವು ಹೇಳಿದ ಇಬ್ಬರಲ್ಲಿ ಲೆನ್ಸ್ ಪರಿಶೀಲಿಸಿದವರು ಹೇಳಿದ್ದೇ ಸರಿ. ನೀರಿನಡಿಯಲ್ಲಿ ನಿಮ್ಮ ಲೆನ್ಸ್ ಹವಳವನ್ನು ನೇರವಾಗಿ ನೋಡುತ್ತಿಲ್ಲ. ಡೋಮ್ ರಚಿಸಿದ ಮಿಥ್ಯಾಬಿಂಬವನ್ನು, ಅಂದರೆ ವಸ್ತು ಇಲ್ಲದ ಜಾಗದಲ್ಲಿ ಇದ್ದಂತೆ ಕಾಣುವ ಬಿಂಬವನ್ನು, ನೋಡುತ್ತಿದೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲಿಗೆ ಡೋಮ್ ಏಕೆ ಬೇಕೆಂಬುದನ್ನು ನೋಡೋಣ. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ವಕ್ರೀಭವನ ಸೂಚ್ಯಂಕ ನೀರಿಗೆ ಸುಮಾರು 1.33. ಚಪ್ಪಟೆ ಗಾಜಿನ ಪೋರ್ಟ್ ಹಿಂದೆ 16 ಮಿ.ಮೀ. ಲೆನ್ಸ್ ಇಟ್ಟರೆ ಕರ್ಣದುದ್ದಕ್ಕೆ 107 ಡಿಗ್ರಿ ಇರಬೇಕಾದ ನೋಟ ಸುಮಾರು 74 ಡಿಗ್ರಿಗೆ ಕುಗ್ಗುತ್ತದೆ, ಅಂಚುಗಳಲ್ಲಿ ಬಣ್ಣಗಳು ಬೇರ್ಪಡುತ್ತವೆ, ನೇರ ಗೆರೆಗಳು ಒಳಮುಖವಾಗಿ ಬಾಗುತ್ತವೆ. ಡೋಮಿನ ವಕ್ರತಾ ಕೇಂದ್ರದಲ್ಲಿ ಲೆನ್ಸಿನ ಎಂಟ್ರನ್ಸ್ ಪ್ಯೂಪಿಲ್ (ಮುಂದಿನಿಂದ ನೋಡಿದಾಗ ಲೆನ್ಸಿನೊಳಗೆ ಕಾಣುವ ಅಪರ್ಚರ್ ಕಿಂಡಿ) ಇದ್ದರೆ, ಅದರತ್ತ ಸಾಗುವ ಕಿರಣಗಳೆಲ್ಲ ಮೇಲ್ಮೈಯನ್ನು ಲಂಬವಾಗಿ ದಾಟುವುದರಿಂದ ಬಾಗುವುದಿಲ್ಲ, ಹಾಗಾಗಿ 107 ಡಿಗ್ರಿ 107 ಆಗಿಯೇ ಉಳಿಯುತ್ತದೆ.

ಆದರೆ ಡೋಮ್ ಈ ಉಪಕಾರಕ್ಕೆ ಬೆಲೆ ಕೇಳುತ್ತದೆ. ನೀರು ಮತ್ತು ಗಾಳಿಯ ನಡುವಿನ ಆ ಗೋಳಾಕಾರದ ಮೇಲ್ಮೈ ತಾನೇ ಒಂದು ನಿಮ್ನ ಮಸೂರದಂತೆ ವರ್ತಿಸಿ, ಅನಂತ ದೂರದಲ್ಲಿರುವ ವಸ್ತುವಿನ ಬಿಂಬವನ್ನೂ ಡೋಮಿನ ಮುಂದೆ ವಕ್ರತಾ ತ್ರಿಜ್ಯದ ಮೂರು ಪಟ್ಟು ದೂರದಲ್ಲಿ ತಂದು ನಿಲ್ಲಿಸುತ್ತದೆ. ತ್ರಿಜ್ಯ 10 ಸೆಂ.ಮೀ. ಇದ್ದರೆ ದಿಗಂತದವರೆಗಿನ ಸಮುದ್ರವೆಲ್ಲ ಡೋಮಿನ ಮುಂದಿನ 30 ಸೆಂ.ಮೀ. ಒಳಗೇ ಅಡಕವಾಗಿರುತ್ತದೆ. ಆದ್ದರಿಂದ ನೀರಿನಡಿಯಲ್ಲಿ ತಿಮಿಂಗಿಲವನ್ನು ತೆಗೆಯುವಾಗಲೂ ನಿಮ್ಮ ಲೆನ್ಸ್ ಒಂದು ಬಗೆಯ ಕ್ಲೋಸಪ್ ಕೆಲಸವನ್ನೇ ಮಾಡುತ್ತಿರುತ್ತದೆ.

ಇನ್ನು ಮೂಲೆಗಳ ವಿಷಯ. ಆ ಮಿಥ್ಯಾಬಿಂಬ ಚಪ್ಪಟೆಯಾಗಿಲ್ಲ, ಬಟ್ಟಲಿನಂತೆ ಬಾಗಿದೆ. ದೂರದ ವಸ್ತುಗಳ ಬಿಂಬ ಡೋಮಿನ ಕೇಂದ್ರದಿಂದ ಎಲ್ಲ ದಿಕ್ಕಿಗೂ ತ್ರಿಜ್ಯದ ನಾಲ್ಕು ಪಟ್ಟು ದೂರದಲ್ಲಿ ಇರುತ್ತದೆ. ನಿಮ್ಮ 16-35ರಂತಹ ಲೆನ್ಸನ್ನು ಚಪ್ಪಟೆ ಗೋಡೆಯ ಮೇಲೆ ಏಕಕಾಲಕ್ಕೆ ಫೋಕಸ್ ಮಾಡುವಂತೆ ವಿನ್ಯಾಸಗೊಳಿಸಿರುತ್ತಾರೆ. ತ್ರಿಜ್ಯ 10 ಸೆಂ.ಮೀ. ಇರುವಾಗ ನಡುವಿನ ಬಿಂಬ ಪ್ಯೂಪಿಲ್‌ನಿಂದ 40 ಸೆಂ.ಮೀ. ಆಳದಲ್ಲಿದ್ದರೆ, 16 ಮಿ.ಮೀ.ನ ಮೂಲೆಯಲ್ಲಿ ಅದು ಸುಮಾರು 24 ಸೆಂ.ಮೀ. ಆಳಕ್ಕೇ ಬಂದಿರುತ್ತದೆ. ಲೆನ್ಸ್ ಮಾತ್ರ ಮೂಲೆಯಲ್ಲೂ 40ರ ಮೇಲೆಯೇ ಕಣ್ಣಿಟ್ಟಿರುತ್ತದೆ. ನಿಮ್ಮ ಚಿತ್ರದಲ್ಲಿ ಒರೆಸಿದಂತೆ ಕಾಣುವುದು ಈ 16 ಸೆಂ.ಮೀ. ಅಂತರವೇ.

ಡೋಮ್ ದೊಡ್ಡದಾದಷ್ಟೂ ಬಿಂಬ ದೂರ ಸರಿಯುತ್ತದೆ. ತ್ರಿಜ್ಯ ಅರ್ಧವಾದರೆ ಮೂಲೆಯ ಫೋಕಸ್ ದೋಷ, ಡಯಾಪ್ಟರ್ (ಮೀಟರಿನಲ್ಲಿ ಹೇಳಿದ ದೂರದ ವಿಲೋಮ) ಲೆಕ್ಕದಲ್ಲಿ, ಎರಡು ಪಟ್ಟಾಗುತ್ತದೆ. ದೊಡ್ಡ ಡೋಮ್ ಬೇಕೆನ್ನುವವರ ಮಾತಿಗೆ ಆಧಾರ ಇದು. ನಿಮ್ಮ ಮಟ್ಟಿಗೆ ಹೇಳುವುದಾದರೆ, ಆರು ಇಂಚಿನ ಡೋಮಿನ ಹಿಂದೆ ಫುಲ್‌ಫ್ರೇಮ್ 16 ಮಿ.ಮೀ.ಯನ್ನು ಎಫ್ 5.6ರಲ್ಲಿ ಬಳಸಿ ಮೂಲೆಗಳು ಚೂಪಾಗಿರಲೆಂದು ನಿರೀಕ್ಷಿಸುವುದು ಆ ಲೆನ್ಸಿಗೆ ಮಾಡುವ ಅನ್ಯಾಯ.

ನೀರೊಳನೋಟ:

ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು. ಒಂದು ಸಂದೇಹ. ನನ್ನ ಡೋಮ್ ಪೂರ್ಣ ಅರ್ಧಗೋಳದಂತೆ ಕಾಣುವುದಿಲ್ಲ, ಸ್ವಲ್ಪ ಚಪ್ಪಟೆಯಾಗಿದೆ. ಆರು ಇಂಚು ಎಂದರೆ ತ್ರಿಜ್ಯ ಮೂರು ಇಂಚು ಎಂದೇ ಲೆಕ್ಕ ಹಾಕಬಹುದೇ? ಎರಡನೆಯದಾಗಿ, ಇಷ್ಟು ಹತ್ತಿರದ ಬಿಂಬದ ಮೇಲೆ ನನ್ನ ಲೆನ್ಸ್ ಫೋಕಸ್ ಮಾಡಬಲ್ಲದೇ? ಅದರ ಕನಿಷ್ಠ ಫೋಕಸ್ ದೂರ 28 ಸೆಂ.ಮೀ.

ಗಾಜಿನಗೋಳ:

ಹಾಗೆ ಲೆಕ್ಕ ಹಾಕಲಾಗದು. ಇಂಚುಗಳಲ್ಲಿ ಹೇಳುವುದು ಡೋಮಿನ ಬಾಯಿಯ ಅಗಲವನ್ನು ಮಾತ್ರ, ಅದೂ ಕೆಲವೊಮ್ಮೆ ಲೋಹದ ಅಂಚನ್ನು ಸೇರಿಸಿ. ಬೇಕಾದದ್ದು ವಕ್ರತಾ ತ್ರಿಜ್ಯ. ಡೋಮನ್ನು ಮೇಜಿನ ಮೇಲೆ ಬೋರಲು ಹಾಕಿ, ಪಾರದರ್ಶಕ ಭಾಗದ ಎತ್ತರವನ್ನೂ ಬಾಯಿಯ ಅಗಲದ ಅರ್ಧವನ್ನೂ ಅಳೆಯಿರಿ. ಎರಡರ ವರ್ಗಗಳನ್ನು ಕೂಡಿ, ಎತ್ತರದ ಎರಡು ಪಟ್ಟಿನಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ. ಅಗಲ 15 ಸೆಂ.ಮೀ., ಎತ್ತರ 6 ಸೆಂ.ಮೀ. ಇದ್ದರೆ ತ್ರಿಜ್ಯ ಸುಮಾರು 7.7 ಸೆಂ.ಮೀ.

ಫೋಕಸ್ ದೂರವನ್ನು ಸೆನ್ಸರಿನಿಂದ ಅಳೆಯುತ್ತಾರೆ ಎಂಬುದನ್ನು ಮರೆಯಬೇಡಿ. ಸೆನ್ಸರಿನಿಂದ ಪ್ಯೂಪಿಲ್‌ವರೆಗೆ 13 ಸೆಂ.ಮೀ. ಎಂದು ಹಿಡಿದರೆ, 7.7 ತ್ರಿಜ್ಯದ ಡೋಮಿನಲ್ಲಿ ಅನಂತದ ಬಿಂಬ ಸೆನ್ಸರಿನಿಂದ ಹೆಚ್ಚುಕಡಿಮೆ 44 ಸೆಂ.ಮೀ. ದೂರದಲ್ಲಿರುತ್ತದೆ, ಮತ್ತು 28ರವರೆಗೆ ಬರಬಲ್ಲ ನಿಮ್ಮ ಲೆನ್ಸ್ ಡೋಮಿನಿಂದ 14 ಸೆಂ.ಮೀ. ಮುಂದಿರುವ ಹವಳದ ಮೇಲೂ ಫೋಕಸ್ ಮಾಡುತ್ತದೆ. ಅದೇ ಲೆನ್ಸನ್ನು 5 ಸೆಂ.ಮೀ. ತ್ರಿಜ್ಯದ ಪುಟ್ಟ ಡೋಮಿನಲ್ಲಿ ಕೂರಿಸಿದರೆ 40 ಸೆಂ.ಮೀ.ಗಿಂತ ಹತ್ತಿರ ಬರಲಾಗದು. ಕನಿಷ್ಠ ಫೋಕಸ್ ದೂರ 50 ಸೆಂ.ಮೀ. ಇರುವ ಲೆನ್ಸ್ ಆಗಿದ್ದರೆ ನಿಮ್ಮ ಈಗಿನ ಡೋಮಿನಲ್ಲಿ ಅನಂತವೂ ಸೇರಿದಂತೆ ಯಾವುದರ ಮೇಲೂ ಫೋಕಸ್ ಆಗುತ್ತಿರಲಿಲ್ಲ. ಹಿಂದೆ ಲೆನ್ಸಿನ ಮುಂದೆ +2, +3 ಕ್ಲೋಸಪ್ ಫಿಲ್ಟರ್ ತಿರುಗಿಸಿ ಹಾಕುತ್ತಿದ್ದುದು ಈ ಕಾರಣಕ್ಕೇ. ನಿಮಗೆ ಅದರ ಅಗತ್ಯವಿಲ್ಲ.

ಹವಳದಿಬ್ಬ:

ಲೆಕ್ಕಗಳೆಲ್ಲ ಸರಿ. ಆದರೆ ಮೂಲ ಪ್ರಶ್ನೆ ಪಕ್ಕಕ್ಕೆ ಸರಿಯುತ್ತಿದೆ ಎನಿಸುತ್ತದೆ. ಹೆಚ್ಚಾಗಿ ಹವಳದಿಬ್ಬಗಳನ್ನು ತೆಗೆಯುವವರಿಗೆ 16-35 ಏಕೆ ಬೇಕು? ನೇರ ಗೆರೆಗಳನ್ನು ನೇರವಾಗಿಯೇ ತೋರಿಸುವ ವೈಡ್ ಜೂಮ್ ನೆಲದ ಮೇಲಿನ ಕಟ್ಟಡಗಳಿಗಾಗಿ ಹುಟ್ಟಿದ್ದು. ಹವಳಕ್ಕೆ ನೇರ ಗೆರೆ ಎಲ್ಲಿದೆ?

ಗೆರೆಗಳನ್ನು ಬಾಗಿಸಿಯಾದರೂ 180 ಡಿಗ್ರಿ ನೋಟ ಹಿಡಿಯುವ ಫಿಶ್‌ಐ ಲೆನ್ಸ್‌ನಲ್ಲಿ ಮೂಲೆಗಳನ್ನು ಹಿಗ್ಗಿಸುವ ಕೆಲಸವೇ ಇಲ್ಲದಿರುವುದರಿಂದ ಡೋಮಿನ ಬಾಗಿದ ಬಿಂಬದ ಜೊತೆ ಅದು ಬಹಳ ಚೆನ್ನಾಗಿ ಹೊಂದಿಕೊಳ್ಳುತ್ತದೆ. ನಾನು ಬಳಸುವ 8-15 ಮಿ.ಮೀ. ಫಿಶ್‌ಐ ಜೂಮ್ ಸೆನ್ಸರಿನಿಂದ 15-16 ಸೆಂ.ಮೀ.ವರೆಗೆ ಫೋಕಸ್ ಮಾಡುತ್ತದೆ, ಅಂದರೆ ವಸ್ತು ಡೋಮನ್ನು ಮುಟ್ಟುವಷ್ಟು ಹತ್ತಿರವಿದ್ದರೂ ಸರಿ. 140 ಮಿ.ಮೀ. ಡೋಮಿನಲ್ಲಿ ಎಫ್ 8ರಲ್ಲೇ ನನಗೆ ತೃಪ್ತಿಕರವಾದ ಮೂಲೆಗಳು ಸಿಗುತ್ತವೆ. ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್ ಇರುವವರು ಟೋಕಿನಾ 10-17 ಮಿ.ಮೀ. ಫಿಶ್‌ಐ ಜೂಮನ್ನು ಇಷ್ಟು ವರ್ಷ ಬಿಡದೆ ಹಿಡಿದುಕೊಂಡಿರುವುದೂ ಇದೇ ಗುಣಕ್ಕಾಗಿ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ನಮ್ಮ ಮತ್ತು ವಸ್ತುವಿನ ನಡುವೆ ನೀರು ಹೆಚ್ಚಿದಷ್ಟೂ ಬಣ್ಣ, ಸ್ಪಷ್ಟತೆ ಎರಡೂ ಸೋರಿಹೋಗುತ್ತವೆ. ಸ್ಟ್ರೋಬ್ (ನೀರಿನಡಿಯ ಫ್ಲಾಶ್) ಬೆಳಕಿನಲ್ಲಿ ಕೆಂಪು ಉಳಿಯಬೇಕಾದರೆ ಒಂದು ಮೀಟರಿಗಿಂತ ಹತ್ತಿರವೇ ಇರಬೇಕು. ಅಷ್ಟು ಹತ್ತಿರ ಹೋಗಿಯೂ ಇಡೀ ದಿಬ್ಬವನ್ನು, ಹಿಂದಿನ ನೀಲಿಯನ್ನು, ಮೇಲಿನ ಸೂರ್ಯನನ್ನು ಒಂದೇ ಚೌಕಟ್ಟಿಗೆ ತರುವುದು 180 ಡಿಗ್ರಿಗೆ ಮಾತ್ರ ಸಾಧ್ಯ. ಚಿಕ್ಕ ಡೋಮಿನಲ್ಲಿ ಇನ್ನೊಂದು ಅನುಕೂಲವಿದೆ: ಸ್ಟ್ರೋಬ್‌ಗಳನ್ನು ಡೋಮಿನ ಪಕ್ಕಕ್ಕೇ ಎಳೆದುಕೊಂಡು, ಗಾಜಿನಿಂದ ಒಂದು ಗೇಣು ದೂರದ ಮೃದು ಹವಳದ ಮೇಲೆ ಬೆಳಕು ಬೀಳಿಸಬಹುದು. ಒಂಬತ್ತು ಇಂಚಿನ ಡೋಮ್ ಅಲ್ಲಿ ತನ್ನದೇ ನೆರಳನ್ನು ಹಾಸುತ್ತದೆ.

ಮರಳತಳ:

ಹವಳದಿಬ್ಬ ಅವರ ಮಾತು ಹವಳದ ಮಟ್ಟಿಗೆ ಒಪ್ಪತಕ್ಕದ್ದು. ಆದರೆ ಪ್ರಶ್ನೆ ಕೇಳಿದವರು ಆಮೆ, ಮನುಷ್ಯರು, ಮುಳುಗಿದ ಹಡಗು ಎಂದೂ ಬರೆದಿದ್ದಾರೆ. ಫಿಶ್‌ಐ ಅಂಚಿನಲ್ಲಿ ನಿಂತ ಮನುಷ್ಯನ ಕಾಲುಗಳು ಬಾಳೆಹಣ್ಣಿನಂತೆ ಬಾಗುತ್ತವೆ. ಹಡಗಿನ ಕಂಬ ಬಿಲ್ಲಾಗುತ್ತದೆ. ಮೂರು ಮೀಟರ್ ಆಚೆಯೇ ಉಳಿಯುವ ನಾಚಿಕೆಯ ಶಾರ್ಕ್ 180 ಡಿಗ್ರಿಯ ಚಿತ್ರದಲ್ಲಿ ಒಂದು ಚುಕ್ಕಿ. ಅಂತಹ ಕಡೆ 28 ಅಥವಾ 35 ಮಿ.ಮೀ.ವರೆಗೆ ಹೋಗಬಲ್ಲ ಜೂಮ್ ಇದ್ದವರೇ ಚಿತ್ರ ತರುತ್ತಾರೆ. ವಿಡಿಯೋ ಮಾಡುವವರಿಗಂತೂ ನೇರ ಗೆರೆ ಇನ್ನೂ ಮುಖ್ಯ; ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ ಫಿಶ್‌ಐ ನೋಟದಲ್ಲಿ ಇಡೀ ಲೋಕವೇ ಉರುಳಿದಂತೆ ಕಾಣುತ್ತದೆ.

ಇನ್ನೊಂದು ಮಾತು. ಮೂಲೆಯಲ್ಲಿ ಏನಿದೆ ಎಂಬುದರ ಮೇಲೆ ಮೂಲೆಯ ಮಸುಕಿನ ತೊಂದರೆ ನಿಂತಿದೆ. ಸುತ್ತಲೂ ಬರಿಯ ನೀಲಿ ನೀರಿದ್ದರೆ ಎಫ್ 5.6ರಲ್ಲೂ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಳಗಿನ ಎರಡು ಮೂಲೆಗಳಲ್ಲಿ ಕ್ಯಾಮೆರಾಗೆ ಹತ್ತಿರದ ಹವಳವೋ ಮರಳೋ ಬಂದರೆ ಮಾತ್ರ ಅದು ಬಯಲಾಗುತ್ತದೆ. ನಾನು ದಿಬ್ಬದ ಮೇಲಿಂದ ಕೆಳಕ್ಕೆ ನೋಡಿ ತೆಗೆಯುವುದನ್ನು ಬಿಟ್ಟು, ದಿಬ್ಬದ ಪಕ್ಕಕ್ಕಿಳಿದು ತುಸು ಮೇಲಕ್ಕೆ ತಿರುಗಿಸಿ ತೆಗೆಯಲು ಶುರುಮಾಡಿದ ಮೇಲೆ ಅದೇ ಡೋಮಿನಲ್ಲಿ ಅರ್ಧ ದೂರು ಕಡಿಮೆಯಾಯಿತು.

ಜೂಮನ್ನು 16ರಿಂದ 20 ಅಥವಾ 22ಕ್ಕೆ ತಂದರೂ ಪರಿಹಾರ ಸಿಗುತ್ತದೆ.

ಗಾಜಿನಗೋಳ:

ಮರಳತಳ ಅವರ ಕೊನೆಯ ಸಾಲಿಗೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಜೂಮ್ ಮಾಡಿದಾಗ ನೋಟದ ಕೋನ ಕಿರಿದಾಗಿ ಮೂಲೆಯ ಫೋಕಸ್ ಅಂತರ ಕಡಿಮೆಯಾಗುವುದು ನಿಜ. ಆದರೆ ಫೋಕಲ್ ಉದ್ದ ಹೆಚ್ಚಿದಂತೆ ಉಳಿದ ಅಂತರವೂ ದೊಡ್ಡದಾಗಿ ಕಾಣುವುದರಿಂದ, ಲೆಕ್ಕ ಹಾಕಿ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದನ್ನೊಂದು ಹೊಡೆದುಹಾಕುತ್ತವೆ. ಚಿತ್ರ ಉತ್ತಮವಾಗುವುದು ಬಹುಮಟ್ಟಿಗೆ ಬೇರೆ ಕಾರಣಕ್ಕೆ: 16ರಲ್ಲಿ ಮೂಲೆಗಳನ್ನು ಲೆನ್ಸ್ ವಿಪರೀತವಾಗಿ ಹಿಗ್ಗಿಸುತ್ತದೆ, 20-22ರಲ್ಲಿ ಆ ಹಿಗ್ಗುವಿಕೆ ತಗ್ಗುತ್ತದೆ. ಆದ್ದರಿಂದ 24ಕ್ಕೆ ಜೂಮ್ ಮಾಡಿದ್ದೇನೆ, ಇನ್ನು ಎಫ್ 5.6 ಸಾಕು ಎಂದುಕೊಳ್ಳುವುದು ಬೇಡ. ಅಪರ್ಚರ್ ಅಲ್ಲೂ ಬೇಕು.

ಫುಲ್‌ಫ್ರೇಮ್‌ನಲ್ಲಿ ಎಫ್ 11 ಅಥವಾ ಎಫ್ 13 ಸಾಮಾನ್ಯ ಬಳಕೆ. ಎಫ್ 16 ದಾಟಿದರೆ ವಿವರ್ತನೆಯಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ನಡುಭಾಗವೂ ಮೃದುವಾಗುತ್ತದೆ; ಅಲ್ಲದೆ ಎಫ್ 8ರಿಂದ ಎಫ್ 16ಕ್ಕೆ ಹೋದರೆ ಸ್ಟ್ರೋಬ್ ನಾಲ್ಕು ಪಟ್ಟು ಬೆಳಕು ಕೊಡಬೇಕು. ಇನ್ನೂ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್ ಬಳಸುವವರು 7-14 ಮಿ.ಮೀ. ಲೆನ್ಸನ್ನು ಚಿಕ್ಕ ಡೋಮಿನಲ್ಲಿಟ್ಟು ಎಫ್ 8ರಲ್ಲಿ ಚೂಪಾದ ಮೂಲೆಗಳನ್ನು ತೋರಿಸಿದಾಗ ನಮಗೆ ಹೊಟ್ಟೆಕಿಚ್ಚಾಗುತ್ತದೆ. ಅವರ ಎಫ್ 8ರ ಫೋಕಸ್ ಆಳ ನಮ್ಮ ಎಫ್ 16ಕ್ಕೆ ಸಮ, ಅಷ್ಟೇ.

ಹಳೆಯಮುಳುಗು:

ಇಲ್ಲಿನ ಚರ್ಚೆ ಓದಿ ಹಳೆಯ ನಿಕೊನೋಸ್ ನೆನಪಾಯಿತು. 1963ರಲ್ಲಿ ಆ ಹೆಸರಿನಿಂದ ಬಂದ ಕ್ಯಾಮೆರಾಗೆ ಹೌಸಿಂಗೂ ಬೇಡ, ಡೋಮೂ ಬೇಡ. ಅದರ 15 ಮಿ.ಮೀ. ಯುಡಬ್ಲ್ಯು-ನಿಕ್ಕೋರ್ ಲೆನ್ಸಿನ ಮುಂಗಾಜು ನೀರಿಗೇ ತಾಗುವಂತೆ ರಚಿತವಾಗಿತ್ತು, ನೀರನ್ನೂ ಲೆಕ್ಕಕ್ಕೆ ಹಿಡಿದೇ ಅದರ ದೃಗ್ವಿಜ್ಞಾನವನ್ನು ಕಟ್ಟಿದ್ದರು. ಅದರಿಂದ ಬಂದ ಮೂಲೆಗಳನ್ನು ನೋಡಿದವರಿಗೆ ಡೋಮಿನ ಹಿಂದಿನ ನೆಲದ ಲೆನ್ಸ್ ಎಂದರೆ ಎರವಲು ಅಂಗಿಯಂತೆ ಕಾಣುತ್ತದೆ. 1992ರಲ್ಲಿ ಬಂದ ನಿಕೊನೋಸ್ ಆರ್‌ಎಸ್‌ಗೆ ನೀರಿಗೆಂದೇ ಮಾಡಿದ 20-35 ಮಿ.ಮೀ. ಜೂಮ್ ಕೂಡ ಇತ್ತು.

ಆ ದಾರಿ ಈಗ ಇನ್ನೊಂದು ರೂಪದಲ್ಲಿ ಮರಳಿ ಬಂದಿದೆ. ನಾಟಿಕ್ಯಾಮ್‌ನ ಡಬ್ಲ್ಯುಡಬ್ಲ್ಯುಎಲ್-1ರಂತಹ ನೀರಿನ ಲೆನ್ಸನ್ನು ಚಪ್ಪಟೆ ಪೋರ್ಟಿನ ಮುಂದೆ ಜೋಡಿಸಿದರೆ ಸಾಧಾರಣ 28 ಮಿ.ಮೀ. ಲೆನ್ಸೇ 130 ಡಿಗ್ರಿ ನೋಡುತ್ತದೆ. ಸೋನಿಯ ಪುಟ್ಟ 28-60 ಮಿ.ಮೀ. ಕಿಟ್ ಜೂಮ್ ನೀರಿನಡಿಯವರಿಗೆ ಅಚ್ಚುಮೆಚ್ಚಾದದ್ದು ಇದರಿಂದಲೇ. ಜೂಮ್ ತಿರುಗಿಸಿದರೆ ಅಗಲದ ನೋಟದಿಂದ ಕಿರಿದಾದ ನೋಟದವರೆಗೆ ಒಂದೇ ಮುಳುಗಿನಲ್ಲಿ ಹೋಗಬಹುದು, ಎಫ್ 8ರಲ್ಲೇ ಮೂಲೆಗಳು ನಿಲ್ಲುತ್ತವೆ. ಎರಡು ಎಚ್ಚರಿಕೆ ಮಾತ್ರ. ಗೆರೆಗಳು ಸ್ವಲ್ಪ ಹೊರಮುಖವಾಗಿ ಬಾಗುತ್ತವೆ. ಮತ್ತು ನೀರಿಗಿಳಿದ ಕೂಡಲೇ ಲೆನ್ಸನ್ನು ತುಸು ಸಡಿಲಿಸಿ, ಪೋರ್ಟಿಗೂ ಅದಕ್ಕೂ ನಡುವೆ ಸಿಕ್ಕಿಕೊಂಡ ಗುಳ್ಳೆಗಳನ್ನು ಹೊರಬಿಡಬೇಕು. ನಾನು ಮರೆತ ದಿನ ಇಡೀ ಮುಳುಗಿನ ಚಿತ್ರಗಳಲ್ಲಿ ಒಂದು ಬೆಳ್ಳಿಯ ಗುಳ್ಳೆ ನನ್ನ ಜೊತೆಗೇ ಈಜಿತ್ತು.

ಅರ್ಧಮುಳುಗು:

ಅರ್ಧ ನೀರು, ಅರ್ಧ ಆಕಾಶ ಇರುವ ಚಿತ್ರಗಳ ಆಸೆ ಇದ್ದರೆ ನೀರಿನ ಲೆನ್ಸ್ ಆಗುವುದಿಲ್ಲ, ದೊಡ್ಡ ಡೋಮ್ ಬೇಕೇ ಬೇಕು. ಡೋಮ್ ಚಿಕ್ಕದಾದಷ್ಟೂ ನೀರಿನ ಗೆರೆ ಚಿತ್ರದಲ್ಲಿ ದಪ್ಪವಾಗಿ ಕಾಣುತ್ತದೆ, ಸಣ್ಣ ಅಲೆಯೊಂದು ಬಂದರೂ ಇಡೀ ಡೋಮ್ ಮುಚ್ಚಿಹೋಗುತ್ತದೆ. ಮೇಲೆ ಹೇಳಿದ ಮಿಥ್ಯಾಬಿಂಬದ ಕಥೆ ಇಲ್ಲಿ ಅತ್ಯಂತ ಸ್ಪಷ್ಟ: ಮೇಲಿನ ಮರ ನಿಜಕ್ಕೂ ದೂರದಲ್ಲಿದೆ, ಕೆಳಗಿನ ಹವಳ ಲೆನ್ಸಿನ ಪಾಲಿಗೆ ಡೋಮಿನ ಮುಂದೆ ಕೆಲವೇ ಅಂಗುಲ ದೂರದಲ್ಲಿದೆ. ಹಾಗಾಗಿ ನೀರಿನೊಳಗಿನ ವಸ್ತುವಿನ ಮೇಲೆ ಫೋಕಸ್ ಮಾಡಿ ಎಫ್ 16ಕ್ಕೆ ಹೋಗುವುದೊಂದೇ ಉಪಾಯ. ತೆಗೆಯುವ ಮುನ್ನ ಡೋಮನ್ನು ಒಮ್ಮೆ ಪೂರ್ತಿ ಮುಳುಗಿಸಿ ಎತ್ತಿ, ನೀರಿನ ಪೊರೆ ಹನಿಯಾಗಿ ಒಡೆಯುವ ಮುನ್ನವೇ ಕ್ಲಿಕ್ ಮಾಡಬೇಕು.

ಓರಿಂಗ್:

ದೊಡ್ಡ ಡೋಮಿನ ಭಾರದ ಬಗ್ಗೆ ಮಾತಾಡುವವರು ಅದರ ತೇಲುವಿಕೆಯನ್ನು ಮರೆಯುತ್ತಾರೆ. 10 ಸೆಂ.ಮೀ. ತ್ರಿಜ್ಯದ ಅರ್ಧಗೋಳದೊಳಗೆ ಎರಡು ಲೀಟರಿಗೂ ಹೆಚ್ಚು ಗಾಳಿ ಇರುತ್ತದೆ, ಅಂದರೆ ಎರಡು ಕಿಲೋಗಿಂತ ಹೆಚ್ಚು ಬಲ ಅದನ್ನು ಮೇಲಕ್ಕೆ ಎಳೆಯುತ್ತಿರುತ್ತದೆ. ಗಾಜಿನ ಡೋಮ್ ತನ್ನ ತೂಕದಿಂದ ಅದನ್ನು ಒಂದಿಷ್ಟು ಸರಿದೂಗಿಸುತ್ತದೆ. ಅಕ್ರಿಲಿಕ್ ಹಗುರ, ಆದ್ದರಿಂದ ನೀರಿನೊಳಗೆ ಕ್ಯಾಮೆರಾದ ಮೂತಿ ಸದಾ ಆಕಾಶ ನೋಡುತ್ತದೆ, ಒಂದು ಗಂಟೆ ಅದನ್ನು ಒತ್ತಿಹಿಡಿದ ಮಣಿಕಟ್ಟು ರಾತ್ರಿ ಬುದ್ಧಿ ಹೇಳುತ್ತದೆ.

ಗೀರುಗಳ ವಿಷಯದಲ್ಲಿ ಅಕ್ರಿಲಿಕ್‌ಗೆ ಕೆಟ್ಟ ಹೆಸರಿದೆ. ಅದಕ್ಕೆ ಸುಲಭವಾಗಿ ಗೀರು ಬೀಳುವುದು ನಿಜ, ಆದರೆ ಅದರ ಸೂಚ್ಯಂಕ ಸುಮಾರು 1.49, ಗಾಜಿನದಕ್ಕಿಂತ ನೀರಿಗೆ ಹತ್ತಿರ. ಹೊರಮೈಯ ಸಣ್ಣ ಗೀರಿನಲ್ಲಿ ನೀರು ತುಂಬಿಕೊಂಡಾಗ ಅದು ಬಹುತೇಕ ಮಾಯವಾಗುತ್ತದೆ, ಮನೆಯಲ್ಲೇ ಪಾಲಿಶ್ ಮಾಡಿ ತೆಗೆಯಲೂಬಹುದು. ಒಳಮೈಗೆ ಗೀರು ಬಿದ್ದರೆ ಮಾತ್ರ ಅಲ್ಲಿರುವುದು ಗಾಳಿ, ಅಡಗಿಸಲು ಏನೂ ಇಲ್ಲ. ಗಾಜಿನ ಡೋಮಿಗೆ ಪ್ರತಿಫಲನ ತಡೆಯುವ ಲೇಪನವಿರುತ್ತದೆ, ಸೂರ್ಯನೆದುರು ತೆಗೆಯುವಾಗ ಅದರ ಬೆಲೆ ತಿಳಿಯುತ್ತದೆ. ಆದರೆ ಬಂಡೆಗೆ ಬಡಿದು ಗೀರಾದರೆ ಮನೆಯಲ್ಲಿ ರಿಪೇರಿ ಸಾಧ್ಯವಿಲ್ಲ.

ಯಾವ ಡೋಮ್ ಆದರೂ ಲೆನ್ಸಿನ ಮುಂಚೌಕಟ್ಟಿನ ಮೇಲಿರುವ ಬಿಳಿ ಅಕ್ಷರಗಳಿಗೆ ಕಪ್ಪು ಟೇಪ್ ಹಚ್ಚಿ. ಸೂರ್ಯ ಹಿಂದಿರುವಾಗ ಅವು ಡೋಮಿನ ಒಳಮೈಯಲ್ಲಿ ಪ್ರತಿಫಲಿಸಿ, ನೀಲಿ ನೀರಿನಲ್ಲಿ ಕಂಪನಿಯ ಹೆಸರು ತಿರುವುಮುರುವಾಗಿ ತೇಲುತ್ತದೆ.

ನೀರೊಳನೋಟ:

ಎಲ್ಲರ ಮಾತುಗಳನ್ನೂ ಎರಡೆರಡು ಸಲ ಓದಿದೆ. ಅಳೆದು ನೋಡಿದರೆ ನನ್ನ ಡೋಮಿನ ಅಗಲ, ಎತ್ತರ ಗಾಜಿನಗೋಳ ಅವರು ಉದಾಹರಣೆಗೆ ಕೊಟ್ಟ ಅಂಕಿಗಳೇ: 15 ಮತ್ತು 6 ಸೆಂ.ಮೀ. ನನ್ನ ವಿಷಯಗಳಲ್ಲಿ ಮುಕ್ಕಾಲು ಪಾಲು ಹವಳವೇ ಆಗಿರುವುದರಿಂದ 8-15 ಫಿಶ್‌ಐ ಕೊಂಡು, ಇದೇ ಡೋಮಿನಲ್ಲಿ ಬಳಸುವುದೆಂದು ಮನಸ್ಸು ಮಾಡಿದ್ದೇನೆ. ಸರಿಯೇ?

ಗಾಜಿನಗೋಳ:

ದಯವಿಟ್ಟು ಸ್ವಲ್ಪ ತಡೆಯಿರಿ. 7.7 ತ್ರಿಜ್ಯದ ಗೋಳದಲ್ಲಿ ನಿಮ್ಮ ಡೋಮ್ 6 ಸೆಂ.ಮೀ. ಎತ್ತರದ ತುಣುಕು ಮಾತ್ರ. ಅಂದರೆ ಅದರ ವಕ್ರತಾ ಕೇಂದ್ರ ಅಂಚಿಗಿಂತ 1.7 ಸೆಂ.ಮೀ. ಹಿಂದೆ, ಪೋರ್ಟಿನ ಕೊಳವೆಯೊಳಗೆ ಇದೆ. ಆ ಬಿಂದುವಿನಿಂದ ಡೋಮಿನ ಮೂಲಕ ಕಾಣುವುದು ಸುಮಾರು 155 ಡಿಗ್ರಿ. 107 ಡಿಗ್ರಿಯ 16-35ಕ್ಕೆ ಇದು ಧಾರಾಳ. 180 ಡಿಗ್ರಿಯ ಫಿಶ್‌ಐ ಅಲ್ಲಿ ಕುಳಿತರೆ ನಾಲ್ಕೂ ಮೂಲೆಗಳಲ್ಲಿ ಪೋರ್ಟಿನ ಕಪ್ಪು ಅಂಚು ಕಾಣಿಸುತ್ತದೆ. ಅದನ್ನು ತಪ್ಪಿಸಲು ಲೆನ್ಸನ್ನು ಮುಂದೆ ತಂದರೆ ಕೇಂದ್ರ ತಪ್ಪುತ್ತದೆ. ಫಿಶ್‌ಐಗೆ ಬೇಕಾದದ್ದು ಚಿಕ್ಕದಾದರೂ ಪೂರ್ಣ ಅರ್ಧಗೋಳ. ಹವಳದಿಬ್ಬ ಅವರ 140 ಮಿ.ಮೀ. ಡೋಮ್ ಅಗಲದಲ್ಲಿ ನಿಮ್ಮದಕ್ಕಿಂತ ಕಿರಿದು, ಆದರೂ ಅದಕ್ಕೆ ಹೊಂದುತ್ತದೆ.

ಏನನ್ನೂ ಕೊಳ್ಳುವ ಮೊದಲು ನಿಮ್ಮ ಎಕ್ಸ್‌ಟೆನ್ಶನ್ ರಿಂಗನ್ನು (ಹೌಸಿಂಗಿಗೂ ಡೋಮಿಗೂ ನಡುವೆ ಕೂತು ಡೋಮನ್ನು ಮುಂದಕ್ಕೆ ಸರಿಸುವ ಬಳೆ) ಪರೀಕ್ಷಿಸಿ. ಈವರೆಗೆ ಅದರ ಮಾತೇ ಬಂದಿಲ್ಲ, ನನಗೆ ಅದರ ಮೇಲೆಯೇ ಅನುಮಾನ. ದೊಡ್ಡ ತೊಟ್ಟಿಯಲ್ಲಿ ಅಳತೆಪಟ್ಟಿಯೊಂದನ್ನು ಲಂಬವಾಗಿ ಅರ್ಧ ಮುಳುಗಿಸಿ ನಿಲ್ಲಿಸಿ, ಡೋಮನ್ನೂ ಅರ್ಧ ಮುಳುಗಿಸಿ ಅದರ ಚಿತ್ರ ತೆಗೆಯಿರಿ. ನೀರಿನ ಮೇಲಿನ ಗುರುತುಗಳೂ ಕೆಳಗಿನ ಗುರುತುಗಳೂ ಒಂದೇ ಗಾತ್ರದಲ್ಲಿ ಕಂಡರೆ ಪ್ಯೂಪಿಲ್ ಕೇಂದ್ರದಲ್ಲಿದೆ. ಕೆಳಗಿನವು ದೊಡ್ಡದಾಗಿ ಕಂಡರೆ ರಿಂಗ್ ಗಿಡ್ಡವಾಯಿತು, ಡೋಮ್ ಚಪ್ಪಟೆ ಪೋರ್ಟಿನ ಗುಣಕ್ಕೆ ಜಾರುತ್ತಿದೆ. ಚಿಕ್ಕದಾಗಿ ಕಂಡರೆ ರಿಂಗ್ ಉದ್ದವಾಯಿತು. ಜೂಮ್ ಮಾಡಿದಾಗ ಪ್ಯೂಪಿಲ್ ಹಿಂದುಮುಂದು ಸರಿಯುವುದರಿಂದ ಎಲ್ಲ ಫೋಕಲ್ ಉದ್ದಗಳಿಗೂ ಸರಿಹೊಂದುವ ರಿಂಗ್ ಇರುವುದಿಲ್ಲ. ತಪ್ಪು ಹೆಚ್ಚು ಎದ್ದುಕಾಣುವ 16ಕ್ಕೇ ಸರಿಪಡಿಸಿಕೊಳ್ಳಿ.

ನೀರೊಳನೋಟ:

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ತೊಟ್ಟಿಯ ಪರೀಕ್ಷೆಯಲ್ಲಿ ನೀರಿನ ಕೆಳಗಿನ ಗುರುತುಗಳು ಸ್ಪಷ್ಟವಾಗಿ ದೊಡ್ಡದಾಗಿದ್ದವು. ನನಗೆ ಕೊಟ್ಟಿದ್ದ ರಿಂಗ್ 30 ಮಿ.ಮೀ. ಉದ್ದದ್ದು, ಪರಿಚಿತರೊಬ್ಬರಿಂದ 40 ಮಿ.ಮೀ. ರಿಂಗ್ ತಂದು ಹಾಕಿದಾಗ ಎರಡೂ ಭಾಗ ಹೆಚ್ಚುಕಡಿಮೆ ಸರಿಹೋದವು. ನಂತರ ಅವರದೇ ಒಂಬತ್ತು ಇಂಚಿನ ಡೋಮನ್ನೂ ಒಯ್ದು ಈಜುಕೊಳದ ಟೈಲ್ ಕಲ್ಲುಗಳ ಗೋಡೆಯ ಮುಂದೆ ಎರಡನ್ನೂ ಹೋಲಿಸಿದೆ. 16 ಮಿ.ಮೀ.ನಲ್ಲಿ ದೊಡ್ಡ ಡೋಮ್ ಎಫ್ 11ರಲ್ಲಿ ಕೊಟ್ಟ ಮೂಲೆಗಳನ್ನು ನನ್ನ ಡೋಮ್ ಎಫ್ 16ರಲ್ಲಿ ಕೊಟ್ಟಿತು. ರಿಂಗ್ ಬದಲಿಸುವ ಮುಂಚೆ ಎಫ್ 16ರಲ್ಲೂ ಅಷ್ಟು ಬರುತ್ತಿರಲಿಲ್ಲ, ಕಲ್ಲುಗಳ ಸಾಲು ಬೇರೆ ಬಾಗುತ್ತಿತ್ತು.

ಗಾಜಿನಗೋಳ:

ಒಂಬತ್ತು ಇಂಚಿನ ಡೋಮಿನ ತ್ರಿಜ್ಯ 12ರ ಆಸುಪಾಸಿನಲ್ಲಿದ್ದರೆ ನಿಮ್ಮದರ ಒಂದೂವರೆ ಪಟ್ಟಾಯಿತು. 11ರ ಒಂದೂವರೆ ಪಟ್ಟು ಹದಿನಾರೂವರೆ. ಈಜುಕೊಳ ಲೆಕ್ಕ ತಪ್ಪಿಲ್ಲ.

ಹವಳದಿಬ್ಬ:

ಹಾಗಾದರೆ ಏನು ನಿರ್ಧರಿಸಿದಿರಿ?

ನೀರೊಳನೋಟ:

16-35 ಮತ್ತು ಆರು ಇಂಚಿನ ಡೋಮನ್ನು 40 ಮಿ.ಮೀ. ರಿಂಗ್ ಜೊತೆಗೆ ಆಮೆಗಳಿಗೂ ಮನುಷ್ಯರಿಗೂ ಇಟ್ಟುಕೊಳ್ಳುತ್ತೇನೆ, 18ರಿಂದ ಮೇಲೆ, ಎಫ್ 13ರಲ್ಲಿ. ಹವಳಕ್ಕೆ ಫಿಶ್‌ಐ ಜೂಮ್ ಮತ್ತು 140 ಮಿ.ಮೀ. ಅರ್ಧಗೋಳವನ್ನು ಬಳಸಿದ ಸ್ಥಿತಿಯಲ್ಲೇ ಹುಡುಕುತ್ತಿದ್ದೇನೆ. ಒಂದು ಗಾಜಿನದು ಸಿಕ್ಕಿದೆ, ಅಂಚಿನ ಹತ್ತಿರ ಒಂದು ಗೀರಿದೆಯಂತೆ. ಹಡಗಿನ ಪ್ರವಾಸ ಗೊತ್ತಾದಾಗ ಒಂಬತ್ತು ಇಂಚಿನ ಡೋಮನ್ನು ಎರವಲು ಪಡೆಯುವುದಾಗಿ ಅದರ ಒಡೆಯರನ್ನು ಈಗಲೇ ಒಪ್ಪಿಸಿಟ್ಟಿದ್ದೇನೆ.

ಓರಿಂಗ್:

ಗೀರು ಒಳಮೈಯಲ್ಲಿದೆಯೇ ಹೊರಮೈಯಲ್ಲಿದೆಯೇ ಎಂದು ಮೊದಲು ಕೇಳಿ. ಒಳಮೈಯಲ್ಲಿದ್ದರೆ ಬಿಟ್ಟುಬಿಡಿ. ಹೊರಮೈಯಲ್ಲಿದ್ದರೆ ಸೂರ್ಯನೆದುರು ತೆಗೆದ ಒಂದು ಚಿತ್ರವನ್ನು ಕಳುಹಿಸಲು ಹೇಳಿ, ಅದರಲ್ಲಿ ಕಾಣಿಸದಿದ್ದರೆ ತೆಗೆದುಕೊಳ್ಳಬಹುದು.